ಅರಗಿನೊಳಗಿನ ಹೆಬ್ಬೆರಳು

"ತಡೀರಿ ಪತ್ತಾರ್ರ, ಕೆರೀಬ್ಯಾಡ್ರಿ!"

ಶಟ್ಟೆವ್ವ ಕೂಗಿದ ರಭಸಕ್ಕೆ ಅಕ್ಕಸಾಲಿಗ ಮೌನಪ್ಪ ಪತ್ತಾರನ ಕೈಯಲ್ಲಿದ್ದ ಚಾಣ ಪದಕದ ಮೇಲೆಯೇ ನಿಂತಿತು. ಪದಕದ ನಡುವಿನ ಕೆಂಪು ಕಲ್ಲನ್ನು ಅವನು ಈಗಷ್ಟೇ ಎಬ್ಬಿಸಿ ಪಕ್ಕಕ್ಕಿಟ್ಟಿದ್ದ. ಕಲ್ಲಿನಡಿಯ ಕಪ್ಪು ಅರಗಿನಲ್ಲಿ ಒಂದು ಹೆಬ್ಬೆರಳಿನ ಅಚ್ಚು, ಅದರ ನಡುವೆ ಅಡ್ಡಲಾಗಿ ಕುಡುಗೋಲಿನ ಗಾಯದ ಗೆರೆ.

"ಈ ಹಳೀ ಅರಗು ಕೆರದ್ರನ ಹೊಸಾ ಮಾಣಿಕ ಕುಂಡ್ರತೈತ್ರಿ," ಎಂದ ಮೌನಪ್ಪ.

"ನನ್ನ ಮದುವ್ಯಾಗ ಹೊಳ್ಯಾಗಿನ ಕಲ್ಲು ಹಾಕ್ಕೊಂಡ ಕುಂಡ್ರಲೇನ ಯವ್ವಾ?" ಎಂದು ಮಗಳು ಸುಂದರವ್ವ ಮೂತಿ ಉಬ್ಬಿಸಿದಳು.

ಶಟ್ಟೆವ್ವನ ಕಣ್ಣು ಅಚ್ಚಿನಿಂದ ಕದಲಲಿಲ್ಲ. ಮದುವೆಯಾದ ವರ್ಷ ಗಂಡ ಲಗಮಪ್ಪ ನವಿಲುತೀರ್ಥದ ಹೊಳೆಯಲ್ಲಿ ಆ ಕಲ್ಲನ್ನು ಹೆಕ್ಕಿ, ಸವದತ್ತಿಯ ಇದೇ ಅಂಗಡಿಗೆ ತಂದಿದ್ದ. ಕಲ್ಲು ತಂದವರೇ ಅದರಡಿಯ ಅರಗನ್ನು ಹೆಬ್ಬೆರಳಿನಿಂದ ಒತ್ತಬೇಕೆಂಬುದು ಮೌನಪ್ಪನ ತಂದೆಯ ಕಾಲದ ಪದ್ಧತಿ. ಬಿಸಿ ಅರಗು ಒತ್ತಿದವನೇ ಲಗಮಪ್ಪ ಬೆರಳನ್ನು ಬಾಯಿಗಿಟ್ಟುಕೊಂಡು, ಅವಳನ್ನು ನೋಡಿ ನಕ್ಕಿದ್ದ. ಸುಂದರವ್ವ ತೊಟ್ಟಿಲಲ್ಲಿದ್ದಾಗಲೇ ಪ್ಲೇಗು ಅವನನ್ನು ಒಯ್ದಿತು. ಒಂದು ಫೋಟೋ ಕೂಡ ಇರಲಿಲ್ಲ.

"ನಿಮ್ಮಪ್ಪನ ಹೆಬ್ಬೆರಳು ನೋಡವಾ ಇದು," ಎಂದು ಅವಳು ಪದಕವನ್ನು ಮಗಳ ಅಂಗೈಯಲ್ಲಿಟ್ಟಳು.

ಸುಂದರವ್ವ ತನ್ನ ಹೆಬ್ಬೆರಳನ್ನು ಆ ಅಚ್ಚಿನೊಳಗೆ ಮೆಲ್ಲಗೆ ಇಳಿಸಿದಳು. ಸುತ್ತಲೂ ಇನ್ನೂ ಜಾಗ ಉಳಿಯಿತು.

"ಅಪ್ಪನ ಕೈ ಇಷ್ಟ ದೊಡ್ಡದಿತ್ತೇನ ಯವ್ವಾ?"