ದೇವೀರಮ್ಮನ ಸಹಿ

ಸರ್ಕಾರಿ ವಿದ್ಯಾ ವರ್ಗಾವಣೆ ಕಚೇರಿಯಲ್ಲಿ ಅಂದೂ ಉದ್ದನೆಯ ಸಾಲಿತ್ತು. ಮೂರು ವರ್ಷ ಶಾಲೆಗೆ ಹೋದರೂ ಒಂದಕ್ಷರ ತಲೆಗೆ ಹತ್ತದ ಮೊಮ್ಮಗಳು ಚಂಪಾಳಿಗೆ ದೇವೀರಮ್ಮ ತನ್ನ ಓದುಬರಹವನ್ನೆಲ್ಲ ಬಿಟ್ಟುಕೊಟ್ಟಳು. ಇಬ್ಬರೂ ಐದು ನಿಮಿಷ ಯಂತ್ರದ ಮೇಲೆ ಕೈಯಿಟ್ಟರು, ಕೆಲಸ ಮುಗಿಯಿತು.

"ರಸೀದಿಗೆ ಸಹಿ ಹಾಕಜ್ಜಿ," ಎಂದ ಗುಮಾಸ್ತ.

ದೇವೀರಮ್ಮ ಪೆನ್ನನ್ನು ರಸೀದಿಯ ಮೇಲಿಟ್ಟಳು, ಅಕ್ಷರ ಮೂಡಲಿಲ್ಲ. "ಅದೂ ಹೋಯ್ತಲ್ಲ ಸ್ವಾಮಿ. ಹೆಬ್ಬೆಟ್ಟು ಒತ್ಲಾ?"

"ಅರ್ಜೀಲಿರೋ ಸಹೀನೇ ಇಲ್ಲೂ ಇರ್ಬೇಕು. ಇಲ್ದಿದ್ರೆ ವರ್ಗಾವಣೆ ರದ್ದಾಗುತ್ತೆ. ಮೊದ್ಲೇ ಹಾಕಿಸ್ಕೋಬೇಕಿತ್ತು, ಮರ್ತುಬಿಟ್ಟೆ."

ಚಂಪಾ ಅಜ್ಜಿಯ ಕೈಯಿಂದ ಪೆನ್ನು ತೆಗೆದುಕೊಂಡು, ಜನ್ಮದಲ್ಲಿ ಮೊದಲ ಸಲ ಬರೆದಳು: ದೇವೀರಮ್ಮ.

ಗುಮಾಸ್ತ ಎರಡೂ ಸಹಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದ. ವಾರೆಯಾದ ದೀರ್ಘ ಅದೇ, ಕೊನೆಯಲ್ಲಿ ಕೈ ನಡುಗಿದ ಗುರುತೂ ಅದೇ. ಸೀಲು ಒತ್ತಿದ.

ದೇವೀರಮ್ಮ ರಸೀದಿಯತ್ತ ಬಗ್ಗಿದಳು. "ಏನಂತ ಬರ್ದೆ ಮಗಾ?"