ಶೇಂಗಾ ಹಿಂಡಿ

ಗುರುದೇವಿ ಒನಕೆ ಎತ್ತಿ ಒರಳಿಗೆ ಹಾಕಿದ ಮೊದಲ ಪೆಟ್ಟಿಗೇ, ಪೂಜೆಗೆ ಕುಳಿತಿದ್ದ ಅತ್ತೆ ಕಲ್ಯಾಣಮ್ಮನ ಕೈಯಲ್ಲಿದ್ದ ವಿಭೂತಿ ಹಣೆ ತಪ್ಪಿ ಮೂಗಿಗೆ ಮೆತ್ತಿಕೊಂಡಿತು. ಎರಡನೆಯ ಪೆಟ್ಟಿಗೆ ಮಂಚದ ಮೇಲೆ ಒರಗಿದ್ದ ಗಂಡ ಜಗದೇವಪ್ಪ ಮೊಬೈಲಿನಿಂದ ತಲೆ ಎತ್ತಿದ.

ತಪ್ಪು ಅವನದೇ. ಹೆಂಡತಿ ಸುರಪುರದ ಕಚೇರಿಯಲ್ಲಿ ದಿನವಿಡೀ ಗುಮಾಸ್ತಿಕೆ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಶಹಾಪುರಕ್ಕೆ ಬಂದು, ಚೀಲ ಇಳಿಸಿ ರೊಟ್ಟಿ ಬಡಿಯಲು ಕುಳಿತಿದ್ದಳು. ಮುಖ ಬಾಡಿದ್ದು ಅವನ ಕಣ್ಣಿಗೂ ಬಿತ್ತು. ಮಂಚ ಬಿಟ್ಟು ಏಳದೆಯೇ ಅವಳ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ: ‘ದಣಿದ ತಾಯಂದಿರಿಗೆ ನೆಮ್ಮದಿಯ ಉಪಾಯಗಳು’. ಅದರಲ್ಲಿ ಒಬ್ಬಾಕೆ, ಒಂದು ಪಾತ್ರೆಯೂ ಕಾಣದ ಕೋಣೆಯಲ್ಲಿ ಕುಳಿತು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯಿರಿ ಎಂದಳು. ಗುರುದೇವಿ ಎಳೆದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಉಸಿರು ಬಿಡುವಷ್ಟರಲ್ಲಿ ಮಗಳು ಸಪ್ನಾ ಬಂದು ನಿಂತಿದ್ದಳು.

“ಮಮ್ಮೀ, ನಾಳಿ ಸಾಲಿಗಿ ಜ್ವಾಲಾಮುಖಿ ಮಾಡ್ಕೊಂಡು ಬರ್ರಿ ಅಂತ ಟೀಚರ್ ಅಂದಾರ.”

“ಯಾವಾಗ ಹೇಳ್ಯಾರ?”

“ಹೋದ ವಾರ.”

ಆಗಲೇ ಗುರುದೇವಿ ಒಲೆ ಆರಿಸಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರದ ಪುಡಿ, ಉಪ್ಪು ಎಲ್ಲವನ್ನೂ ಒರಳಿಗೆ ಸುರಿದು, ರೊಟ್ಟಿಗೆ ನೆಂಚಿಕೊಳ್ಳುವ ಹಿಂಡಿ ಕುಟ್ಟಲೆಂದು ಒನಕೆ ಎತ್ತಿದ್ದು.

“ಮಿಕ್ಸರ್ ಅದ ಅಲ್ಲ?” ಎಂದ ಜಗದೇವಪ್ಪ.

“ಮಿಕ್ಸರಿಗಿ ಸಿಟ್ಟು ಬರಂಗಿಲ್ರಿ,” ಎಂದಳು ಗುರುದೇವಿ.

ಸಂಜೆ ಮನೆಗೆ ಹೊರಡುವ ಹೊತ್ತಿಗೆ ಫೈಲು ಕೇಳುವ ಸಾಹೇಬರ ಹೆಸರಿನಲ್ಲಿ ಕುಟ್ಟಿದಳು. ದೀರ್ಘ ಉಸಿರಿನವಳಿಗೆ ಒಂದು ಜೋರು ಪೆಟ್ಟು ಬಿತ್ತು. ಮಂಚಕ್ಕೆ, ಮಂಚದ ಮೇಲಿದ್ದವನಿಗೆ ಎಷ್ಟು ಬಿದ್ದವೋ ಲೆಕ್ಕವಿಲ್ಲ. ಶೇಂಗಾ ಎಣ್ಣೆ ಬಿಟ್ಟು ಘಮಘಮ ಎನ್ನುವ ಹೊತ್ತಿಗೆ ಅವಳ ಎದೆ ಹತ್ತಿಯಂತೆ ಹಗುರವಾಗಿತ್ತು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಗುನಗುತ್ತಲೇ ಮಣ್ಣಿನ ಗುಡ್ಡ ಕಟ್ಟಿ, ಅಡುಗೆ ಸೋಡಾ ಹಾಕಿ, ಲಿಂಬೆ ಹಿಂಡಿ ಬೆಂಕಿಯ ಬದಲು ನೊರೆ ಉಕ್ಕಿಸಿದಳು. ಆ ರಾತ್ರಿ ತಿಂಗಳುಗಟ್ಟಲೆ ಬಾರದ ನಿದ್ದೆ ಬಂತು. ಅಂದಿನಿಂದ ದಿನಾ ಸಂಜೆ ಒರಳಿನ ಮುಂದೆ ಕೂರುವುದು ರೂಢಿಯಾಯಿತು.

ಕೆಟ್ಟದ್ದೇನೆಂದರೆ, ಹಿಂಡಿ ಬಹಳ ರುಚಿಯಾಗಿತ್ತು. ಜಗದೇವಪ್ಪ ಅದನ್ನು ಬಜಾರಿನ ತನ್ನ ಕಿರಾಣಿ ಅಂಗಡಿಗೆ ಬುತ್ತಿಯಲ್ಲಿ ಒಯ್ದ. ಪಕ್ಕದ ಅಂಗಡಿಯ ಭಾಗಣ್ಣ ಒಂದು ತುತ್ತು ತಿಂದು ತಲೆದೂಗಿದ. ಶನಿವಾರ ಸಂಜೆ ಜಗದೇವಪ್ಪ ಶೇಂಗಾದ ಚೀಲವನ್ನೇ ಹೊತ್ತು, ಬಹುಮಾನ ಗೆದ್ದವನಂತೆ ಮನೆಗೆ ಬಂದ.

“ಭಾಗಣ್ಣನ ಬಸರಿ ಮಗಳ ಕುಬಸ ಅದ. ಊಟಕ್ಕ ಹಿಂಡಿ ನೀನ ಕುಟ್ಟಿ ಕೊಡ್ತಿ ಅಂತ ಮಾತು ಕೊಟ್ಟೀನಿ. ಹೆಂಗೂ ನಿನಗ ಕುಟ್ಟಿದ್ರ ಆರಾಮ ಅನಸ್ತದಲ್ಲ!”

“ಹತ್ತಿಕುಣ್ಯಾಗ ಇರೊ ನಮ್ಮ ತಂಗಿಗೂ ಒಂದು ಡಬ್ಬಿ ಇರ್ಲಿ,” ಎಂದು ಕಲ್ಯಾಣಮ್ಮ ದನಿ ಸೇರಿಸಿದಳು. “ಆಕಿಗಿ ಬಳ್ಳೊಳ್ಳಿ ಕಮ್ಮಿ.”

ಭಾನುವಾರ ಬೆಳಗಿನಿಂದ ಗುರುದೇವಿ ಕುಟ್ಟಿದಳು. ಈಗ ಯಾರ ಹೆಸರಿನಲ್ಲೂ ಕುಟ್ಟುವಂತಿರಲಿಲ್ಲ. ಪೆಟ್ಟು ಜೋರಾದರೆ ಮುದ್ದೆಯಾಗುತ್ತದೆ ಎಂದು ಅತ್ತೆ ಎದುರಿಗೇ ಕುರ್ಚಿ ಹಾಕಿಕೊಂಡಿದ್ದಳು. ಭುಜ ಸೋತು ಬಂದರೂ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದ ಜಗದೇವಪ್ಪ ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡು ಹುಬ್ಬು ಗಂಟಿಕ್ಕಿದ.

“ಯಾಕೋ ಮದಲಿನ ರುಚಿ ಇಲ್ಲಲ್ಲ?”

ಗುರುದೇವಿ ಒನಕೆಯನ್ನು ಮೆಲ್ಲಗೆ ಗೋಡೆಗೆ ಆನಿಸಿದಳು. ಕೈ ತೊಳೆದಳು. ಒಂದು ಚಾಪೆ ಬಗಲಿಗಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಮಾಳಿಗೆಯ ಮೇಲೆ ಅತ್ತೆ ಒಣಹಾಕಿದ ಸಂಡಿಗೆಗಳ ಸಾಲು. ನೀರಿನ ಟಾಕಿಯ ನೆರಳಲ್ಲಿ ಚಾಪೆ ಹಾಸಿ ಅಡ್ಡಾದಳು. ಎದುರಿಗೆ, ಮಲಗಿದ ಬುದ್ಧ ಎಂದು ಎಲ್ಲರೂ ಕೈ ತೋರಿಸುವ ಊರಿನ ಗುಡ್ಡ. ಎಷ್ಟೋ ಕಾಲದಿಂದ ಅಂಗಾತ ಮಲಗಿದ್ದಾನೆ. ಯಾಕೆ ಮಲಗಿದ್ದಿ, ಏಳು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಗಂಡಸಲ್ಲವೇ ಎಂದುಕೊಂಡಳು. ತಾನೂ ಹಾಗೆಯೇ ಅಂಗಾತವಾಗಿ ಕಾಲು ಚಾಚಿದಳು.

“ಎಲ್ಲಿದ್ದಿ?” ಕೆಳಗಿನಿಂದ ಜಗದೇವಪ್ಪನ ದನಿ ಬಂತು.

“ಮಾಳಗಿ ಮ್ಯಾಗ ಅದೀನ್ರಿ.”

“ಏನ್ ಮಾಡಾಕತ್ತಿ?”

“ಏನೂ ಮಾಡಾಕತ್ತಿಲ್ರಿ.”

ಕೆಳಗೆ ತಾಯಿ ಮಗ ಗುಸುಗುಸು ಮಾತಾಡಿಕೊಂಡದ್ದು ಕೇಳಿಸಿತು. ಮತ್ತೆ ಬಂದ ದನಿಯಲ್ಲಿ ನಿಜವಾದ ಗಾಬರಿ ಇತ್ತು. “ಮೈಯಾಗ ಆರಾಮ ಇಲ್ಲೇನು? ದವಾಖಾನಿಗಿ ಹೋಗೂಣೇನು?”

“ಆರಾಮ ಅದೀನ್ರಿ. ಅದಕ್ಕ ಮಲಗೀನಿ.”

ಇನ್ನೊಮ್ಮೆ ಗುಸುಗುಸು. ಈ ಸಲ ಮಾತಾಡಿದ್ದು ಕಲ್ಯಾಣಮ್ಮ, ದನಿಯಲ್ಲಿ ಅಪಾರ ಸಮಾಧಾನ. “ಮಲಕೋ ಯವ್ವಾ, ಮಲಕೋ. ಹೆಂಗೂ ಖಾಲಿ ಅದಿ, ಸಂಡಿಗಿಗಿ ಕಾಗಿ ಬರದಂಗ ನೋಡ್ಕೋ.”

ಸ್ವಲ್ಪ ಹೊತ್ತಿಗೆ ಕಾಗೆಯೊಂದು ಬಂದು ಮಾಳಿಗೆಯ ಅಂಚಿನಲ್ಲಿ ಕುಳಿತಿತು. ಕತ್ತು ಓರೆ ಮಾಡಿ ಗುರುದೇವಿಯನ್ನು ನೋಡಿತು. ಗುರುದೇವಿ ಅದನ್ನು ನೋಡಿದಳು. ಒಂದು ಸಂಡಿಗೆ ಕಚ್ಚಿಕೊಂಡು ಹಾರಿಹೋಗುವ ಆತುರದಲ್ಲಿ ಅದು ರೆಕ್ಕೆ ಬಿಚ್ಚಿತು.

“ಕುಂತು ತಿನ್ನವ್ವಾ, ಗಡಬಡಿ ಏನದ?” ಎಂದು ಗುರುದೇವಿ ಮಗ್ಗಲು ಬದಲಿಸಿದಳು.