ಹಸಿರು ಗುರುತು ಬಿದ್ದ ನಂಬರ್

"ಗಾಬರಿ ಆಗ್ಬೇಡಿ. ಮಗು ಏನು ಕುಡೀತು ಹೇಳಿ. ವಾಂತಿ ಮಾತ್ರ ಮಾಡಿಸ್ಬೇಡಿ," ಎಂದಿತು ಮುದುಕಿಯೊಬ್ಬಳ ದನಿ. ಹಿಂದೆ ಕುಕ್ಕರ್ ಕೂಗುತ್ತಿತ್ತು.

ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವವಳು ತಾನು ಒತ್ತಿದ ನಂಬರನ್ನು ಮತ್ತೊಮ್ಮೆ ನೋಡಿದಳು. ವಿಷ ಸೇವಿಸಿದವರಿಗೆಂದು ಪುಟದಲ್ಲಿ ಹಾಕಿದ್ದ ಸಹಾಯವಾಣಿಗೆ ಅವಳು ಫೋನ್ ಮಾಡಿದ್ದು ಇದೇ ಮೊದಲು; ಅದೂ ಹೊಸ ಮೇಲಧಿಕಾರಿಯ ಹಟಕ್ಕೆ. ಪ್ರತಿ ಸೋಮವಾರ ಸಾಫ್ಟ್‌ವೇರ್ ಎಲ್ಲ ಪುಟಗಳನ್ನೂ ಪರಿಶೀಲಿಸಿ ಹಸಿರು ಗುರುತು ಹಾಕುತ್ತಿತ್ತು. ಫೋನ್ ನಂಬರಿನಲ್ಲಿ ಹತ್ತು ಅಂಕಿ ಇದ್ದರೆ ಅದಕ್ಕೆ ಸಾಕು. ಇವಳಿಗೂ ಅಷ್ಟೇ ಸಾಕಾಗಿತ್ತು.

"ಅಜ್ಜಿ, ಮಗೂಗೆ ಏನೂ ಆಗಿಲ್ಲ. ನಾನು ಆಸ್ಪತ್ರೆಯಿಂದ ಮಾತಾಡ್ತಿರೋದು. ಈ ನಂಬರ್ ನಿಮ್ದಾ?"

"ವರ್ಷ ಆಯ್ತಮ್ಮ ಈ ನಂಬರ್ ನಮ್ಮನೆಗೆ ಬಂದು. ಅವತ್ತಿಂದ ಬರೀ ಇಂಥದ್ದೇ ಫೋನು. ಅಳ್ತಿರೋರಿಗೆ ರಾಂಗ್ ನಂಬರ್ ಅಂದು ಇಡೋಕಾಗತ್ತಾ? ಡಾಕ್ಟರನ್ನ ಕೇಳಿ ನಾಲ್ಕು ಮಾತು ಕಲ್ತುಕೊಂಡೆ. ನಿಮ್ಮ ಸರಿಯಾದ ನಂಬರನ್ನೂ ಅವರಿಂದ್ಲೇ ತಗೊಂಡು ಗೋಡೆ ಮೇಲೆ ಬರ್ಕೊಂಡು ಎಲ್ಲರಿಗೂ ಹೇಳ್ತೀನಿ."

ಪರದೆಯ ಮೇಲೆ ಆ ನಂಬರಿನ ಪಕ್ಕ ಹಸಿರು ಗುರುತು ಹೊಳೆಯುತ್ತಲೇ ಇತ್ತು.

"ಆಸ್ಪತ್ರೆಯವರು ಅಂದ್ರಲ್ಲ, ನಿಮಗೆ ಗೊತ್ತಿರತ್ತೆ," ಮುದುಕಿಯ ದನಿ ತಗ್ಗಿತು. "ನಿನ್ನೆ ನಾನು ಸ್ನಾನದಲ್ಲಿದ್ದೆ. ಮೂರು ಸಲ ರಿಂಗಾಯ್ತು, ಓಡಿ ಬರೋಷ್ಟರಲ್ಲಿ ನಿಂತುಹೋಯ್ತು. ಆ ಮಗು ಹೇಗಿದೆ?"